ಹತ್ತರ ಘಾತಕ್ಕೆಂದೇ ಒಂದು ಬಟನ್

ಪಿಯುಸಿ ರಸಾಯನಶಾಸ್ತ್ರದ ಒಂದು ಚಿಕ್ಕ ಲೆಕ್ಕ. 12 ಗ್ರಾಂ ಕಾರ್ಬನ್‌ನಲ್ಲಿ 6.022×10²³ ಪರಮಾಣುಗಳಿವೆ. ಹಾಗಾದರೆ ಒಂದು ಪರಮಾಣುವಿನ ತೂಕವೆಷ್ಟು? ಭಾಗಿಸಿದರೆ ಮುಗಿಯಿತು. ಆದರೆ ಕ್ಯಾಲ್ಕುಲೇಟರಿನಲ್ಲಿ 12 ÷ 6.022 × 10 ಎಂದು ಒತ್ತಿ, ಘಾತದ ಬಟನ್ ಬಳಸಿ 23 ಕೊಟ್ಟರೆ ಬರುವ ಉತ್ತರ 1.99×10²³ ಗ್ರಾಂ. ಅಷ್ಟು ತೂಕವಿರುವುದು ದೊಡ್ಡದೊಂದು ಕ್ಷುದ್ರಗ್ರಹಕ್ಕೆ! ಸರಿಯುತ್ತರ 1.99×10⁻²³ ಗ್ರಾಂ.

ಯಂತ್ರ ತನ್ನ ನಿಯಮವನ್ನು ಮೀರಿಲ್ಲ. ಮೊದಲು 12ನ್ನು 6.022ರಿಂದ ಭಾಗಿಸಿ, ಬಂದದ್ದನ್ನು 10²³ರಿಂದ ಗುಣಿಸಿದೆ. 6.022×10²³ ಇಡಿಯಾಗಿ ಒಂದೇ ಸಂಖ್ಯೆಯೆಂದು ಅದಕ್ಕೆ ತಿಳಿಸುವುದು ‘ಎಕ್ಸ್‌ಪ್’ ಬಟನ್. ಕೆಲವು ಮಾದರಿಗಳಲ್ಲಿ ಇದರ ಹೆಸರು ‘ಇಇ’. ಇನ್ನು ಕೆಲವದರಲ್ಲಿ ಗುಣಾಕಾರದ ಚಿಹ್ನೆಯೊಂದಿಗೆ ಹತ್ತರ ಘಾತವನ್ನೇ ಅಚ್ಚು ಹಾಕಿರುತ್ತಾರೆ. 12 ÷ 6.022 ಆದಮೇಲೆ ಎಕ್ಸ್‌ಪ್, ಆಮೇಲೆ 23, ಅಷ್ಟೇ. ನಡುವೆ × ಬೇಡ, 10 ಕೂಡ ಬೇಡ. ‘ಗುಣಿಸು ಹತ್ತರ ಘಾತ’ ಎಂಬಿಷ್ಟೂ ಆ ಒಂದು ಬಟನ್ನಿನೊಳಗೇ ಇದೆ. ಅಭ್ಯಾಸಬಲದಿಂದ × 10 ಸೇರಿಸಿ ಎಕ್ಸ್‌ಪ್ ಒತ್ತಿದರೆ 10²³ರ ಜಾಗದಲ್ಲಿ 10²⁴ ಕೂತುಬಿಡುತ್ತದೆ.

ಸ್ಲೈಡ್ ರೂಲ್ ಕಾಲದ ಎಂಜಿನಿಯರುಗಳಿಗೆ ಈ ಸೌಕರ್ಯ ಇರಲಿಲ್ಲ. ಆ ಪಟ್ಟಿ ಅಂಕಿಗಳನ್ನು ಕೊಡುತ್ತಿತ್ತು, ದಶಮಾಂಶ ಬಿಂದು ಎಲ್ಲಿ ಬೀಳುತ್ತದೆಂದು ಹೇಳುತ್ತಿರಲಿಲ್ಲ. ಹತ್ತರ ಘಾತಗಳನ್ನು ಅವರು ತಲೆಯಲ್ಲೇ ಕೂಡಿ ಕಳೆಯಬೇಕಿತ್ತು. 1972ರಲ್ಲಿ ಬಂದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಆ ಹೊರೆ ಇಳಿಸಿತು. ಅಂಗೈಯಗಲದ ಆ ಯಂತ್ರದಲ್ಲಿದ್ದ 35 ಬಟನ್‌ಗಳಲ್ಲಿ ಒಂದು ಘಾತ ದಾಖಲಿಸಲೆಂದೇ ಮೀಸಲಾಗಿತ್ತು.

ಆದರೂ ಘಾತದ ಅಂದಾಜನ್ನು ಮನಸ್ಸಿನಲ್ಲೇ ಮಾಡುವ ಆ ಹಳೆಯ ರೂಢಿ ನಮ್ಮ ಮಕ್ಕಳಿಗೂ ಬೇಕು. ಹತ್ತರ ಆಸುಪಾಸಿನ ಸಂಖ್ಯೆಯನ್ನು 10²³ರ ಆಸುಪಾಸಿನದರಿಂದ ಭಾಗಿಸಿದರೆ ಘಾತ ಋಣವಾಗಲೇಬೇಕು. ಇಷ್ಟು ಹೊಳೆದರೆ ಕ್ಷುದ್ರಗ್ರಹದ ತೂಕವನ್ನು ಯಾರೂ ಉತ್ತರಪತ್ರಿಕೆಗೆ ಇಳಿಸುವುದಿಲ್ಲ. ಲ್ಯಾಬಿನಲ್ಲಿ ಇದಕ್ಕಾಗಿಯೇ ಒಂದು ಪೀರಿಯಡ್ ಕೊಟ್ಟರೆ ಅದು ಖಂಡಿತ ದಂಡವಲ್ಲ.

ಅದೇ ಪೀರಿಯಡ್ಡಿನಲ್ಲಿ ಋಣ ಘಾತವನ್ನೂ ಮಾಡಿಸಬಹುದು. ಎಲೆಕ್ಟ್ರಾನಿನ ವಿದ್ಯುದಂಶ 1.602×10⁻¹⁹ ಕೂಲಂಬ್. ಇದಕ್ಕೆ 1.602, ಎಕ್ಸ್‌ಪ್, ನಂತರ ಕಂಸದೊಳಗೆ ಮೈನಸ್ ಇರುವ ಬಟನ್, ಕೊನೆಗೆ 19. ಕಳೆಯುವ ಮೈನಸ್ ಬೇರೆ, ಇದು ಬೇರೆ. ಹಾಗೆಯೇ ಪುಟ್ಟ ‘ಇ’ ಅಕ್ಷರದ ತಲೆಯ ಮೇಲೆ ಘಾತವಿರುವ ಬಟನ್ನಿಗೂ ಎಕ್ಸ್‌ಪ್‌ಗೂ ಸಂಬಂಧವಿಲ್ಲ. ಅದು ಘಾತಕ್ಕೇರಿಸುವುದು ಹತ್ತನ್ನಲ್ಲ, 2.718ರಷ್ಟಿರುವ ಇನ್ನೊಂದು ಸಂಖ್ಯೆಯನ್ನು.