ಖಾತೆ ಮತ್ತು ಬೊಕ್ಕಸ: ನೀರಾವರಿ ಸಚಿವರಾಗಿ ಎಚ್. ಡಿ. ದೇವೇಗೌಡರು

ರಾಜ್ಯದ ಸಚಿವರೊಬ್ಬರ ಕಾರ್ಯವನ್ನು ಅವರು ವಹಿಸಿದ್ದ ಖಾತೆಯಿಂದ ಅಳೆಯುವುದು ವಾಡಿಕೆ. ಖಾತೆಗೆ ದೊರೆತ ಹಣವನ್ನೂ ಗಮನಿಸದಿದ್ದರೆ ಆ ಅಳತೆ ಅಪೂರ್ಣವೆಂದು ನಾವು ಭಾವಿಸುತ್ತೇವೆ. ಹಾಸನ ಜಿಲ್ಲೆಯ ದೇವೇಗೌಡರ ರಾಜಕೀಯ ಜೀವನ ಇದಕ್ಕೆ ನಿದರ್ಶನ.

1933ರಲ್ಲಿ ಹರದನಹಳ್ಳಿಯಲ್ಲಿ ಜನಿಸಿದ ಅವರು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದವರು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಯನ್ನು ಪ್ರವೇಶಿಸಿ, 1972ರಲ್ಲಿ ವಿರೋಧಪಕ್ಷದ ನಾಯಕರಾದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಲೋಕೋಪಯೋಗಿ ಹಾಗೂ ನೀರಾವರಿ ಖಾತೆಗಳನ್ನು ವಹಿಸಿಕೊಂಡರು.

ಈ ಹೊಣೆಯ ತೊಡಕನ್ನು ಅರಿಯಲು ಹೇಮಾವತಿಯನ್ನು ನೋಡಬೇಕು. ಸಕಲೇಶಪುರದ ಮಲೆಗಳ ಮಳೆನೀರನ್ನು ಹೊತ್ತು ಬರುವ ಈ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಆದರೆ ಕಾವೇರಿ ವಿವಾದ ಬಗೆಹರಿಯದ ಕಾರಣ ಹೇಮಾವತಿ, ಹಾರಂಗಿ, ಕಬಿನಿ ಯೋಜನೆಗಳಿಗೆ ಯೋಜನಾ ಆಯೋಗದ ಒಪ್ಪಿಗೆ ದೊರೆತಿರಲಿಲ್ಲ. ರಾಜ್ಯವು ಯೋಜನೇತರ ನಿಧಿಯಿಂದಲೇ ವೆಚ್ಚವನ್ನು ಭರಿಸಬೇಕಾಗಿತ್ತು. ಹೀಗಾಗಿ ನಾಲೆಗಳ ಕೆಲಸ ಪ್ರತಿ ವರ್ಷದ ಆಯವ್ಯಯವನ್ನು ಅವಲಂಬಿಸಿತು. ಮುಳುಗಡೆಯಲ್ಲಿ ಭೂಮಿ ಕಳೆದುಕೊಂಡ ರೈತನಿಗೂ ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾದ ರೈತನಿಗೂ ಉತ್ತರ ಹೇಳಬೇಕಾದವರು ನೀರಾವರಿ ಸಚಿವರೇ.

1987ರಲ್ಲಿ, ನೀರಾವರಿಗೆ ಸಾಕಷ್ಟು ಹಣ ಒದಗಿಸಲಿಲ್ಲವೆಂದು ಪ್ರತಿಭಟಿಸಿ ಅವರು ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹೆಗಡೆಯವರೊಡನೆ ಅವರಿಗಿದ್ದ ರಾಜಕೀಯ ಪೈಪೋಟಿಯನ್ನು ಇಲ್ಲಿ ಅಲ್ಲಗಳೆಯಲಾಗದು. ಹಾಗೆಂದು ಬೊಕ್ಕಸದ ಪ್ರಶ್ನೆ ಸುಳ್ಳಾಗುವುದೂ ಇಲ್ಲ. 1989ರ ಚುನಾವಣೆಯಲ್ಲಿ ಸೋತ ಅವರು 1994ರಲ್ಲಿ ಮುಖ್ಯಮಂತ್ರಿಗಳಾಗಿ, 1996ರಲ್ಲಿ ಪ್ರಧಾನಮಂತ್ರಿಗಳಾದರು.

ಚರಿತ್ರೆಕಾರರ ಗಮನ ಸಹಜವಾಗಿ ದೆಹಲಿಯ ಹತ್ತು ತಿಂಗಳುಗಳತ್ತ ಹರಿಯುತ್ತದೆ. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯದ ಸಚಿವರ ಅಧಿಕಾರ ಎಲ್ಲಿ ಮುಗಿಯುತ್ತದೆಂಬುದನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಮಾತ್ರ ನೀರಾವರಿ ಖಾತೆಯ ಆ ನಾಲ್ಕು ವರ್ಷಗಳೇ ಹೆಚ್ಚು ಬೋಧಪ್ರದ.