ಟ್ಯಾಂಕಿಗೆ ಕಬ್ಬು, ತಟ್ಟೆಗೆ ಏನು?

ಬಂಕಿನಲ್ಲಿ ಅಪ್ಪನ ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿಸಿದಿರಿ ಎನ್ನಿ. ಟ್ಯಾಂಕಿಗೆ ನಿಜವಾಗಿ ಬಿದ್ದದ್ದೇನು? ಸುಮಾರು 800 ಮಿಲಿಲೀಟರ್ ಪೆಟ್ರೋಲ್, 200 ಮಿಲಿಲೀಟರ್ ಎಥೆನಾಲ್. ಮೊದಲನೆಯದರ ಮೂಲ ಬಹುಪಾಲು ಹೊರದೇಶದಿಂದ ಬಂದ ಕಚ್ಚಾ ತೈಲ. ಎರಡನೆಯದು ನಮ್ಮದೇ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬಂದದ್ದು. ಈ 200 ಮಿಲಿಲೀಟರಿನ ಹಿಂದೆ ಎರಡು ದಶಕಗಳ ಸರ್ಕಾರಿ ನೀತಿಯ ಕತೆಯಿದೆ. ಅದರಲ್ಲಿ ಎಡವಿದ್ದೂ ಉಂಟು, ಗೆದ್ದದ್ದೂ ಉಂಟು.

ಸಸ್ಯಗಳಿಂದ ಇಂಧನ ಪಡೆಯುವ ಯೋಚನೆ ಹೊಸದಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. 1973ರ ತೈಲ ಬಿಕ್ಕಟ್ಟಿನಿಂದ ತತ್ತರಿಸಿದ ಬ್ರೆಜಿಲ್, 1975ರಲ್ಲಿ ಕಬ್ಬಿನ ಎಥೆನಾಲ್‌ಗೆ ರಾಷ್ಟ್ರೀಯ ಯೋಜನೆಯನ್ನೇ ರೂಪಿಸಿತು. 1980ರ ದಶಕದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚಿನವು ಬರೀ ಎಥೆನಾಲ್ ಕುಡಿಯುವಂಥವು. ಆದರೆ ಸಕ್ಕರೆಗೆ ಒಳ್ಳೆಯ ಬೆಲೆ ಬಂದಾಗ ಕಬ್ಬು ಆ ಕಡೆ ವಾಲಿತು. 1989ರ ಹೊತ್ತಿಗೆ ಎಥೆನಾಲ್ ಸಿಗದೆ ಕಾರಿನವರು ಪರದಾಡಿದರು. ಆಹಾರ ಮತ್ತು ಇಂಧನ ಒಂದೇ ಹೊಲದಿಂದ ಬರುವಾಗ ಯಾವುದಕ್ಕೆ ಮೊದಲ ಪಾಲು? ಈ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ಮಲಗಿಲ್ಲ.

ಕಾಡು ಹರಳಿನ ಪಾಠ

ಭಾರತ 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5ರಷ್ಟು ಎಥೆನಾಲ್ ಬೆರೆಸಲು ಹೊರಟಿತು. ಅದೇ ವರ್ಷ ಡೀಸೆಲ್‌ಗೆ ಪರ್ಯಾಯವಾಗಿ ಜತ್ರೋಫಾ, ಅಂದರೆ ಕಾಡು ಹರಳಿನ ಮೇಲೆ ದೊಡ್ಡ ಆಸೆ ಕಟ್ಟಿಕೊಂಡಿತು. ಬರಡು ನೆಲದಲ್ಲೂ ಬೆಳೆಯುವ ಗಿಡ ಎಂಬುದು ಅದರ ಹೆಗ್ಗಳಿಕೆ. ಗಿಡ ಬದುಕಿತು, ನಿಜ. ಆದರೆ ನೀರು, ಗೊಬ್ಬರವಿಲ್ಲದೆ ಕಾಯಿ ಬಿಡಲಿಲ್ಲ. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರೊಳಗೆ ಶೇ 20ರ ಗುರಿ ಹಾಕಿಕೊಂಡಿತು. 2013–14ರಲ್ಲಿ ಎಥೆನಾಲ್ ಬೆರೆತದ್ದು ಮಾತ್ರ ಶೇ 1.5ರ ಆಸುಪಾಸು! ಕಾಕಂಬಿಯೊಂದನ್ನೇ ನಂಬಿದ್ದು, ಅದಕ್ಕೆ ಮದ್ಯ ಮತ್ತು ರಾಸಾಯನಿಕ ಉದ್ಯಮಗಳ ಪೈಪೋಟಿ, ಗಿಟ್ಟದ ಬೆಲೆ ಇವೆಲ್ಲ ಸೇರಿ ನೀತಿ ಕಾಗದದಲ್ಲೇ ಉಳಿಯಿತು.

ದಾರಿ ಬದಲಾದದ್ದು 2018ರ ನೀತಿಯಿಂದ. ಕಬ್ಬಿನ ರಸ, ಹಾಳಾದ ಧಾನ್ಯ, ಹೆಚ್ಚುವರಿ ಅಕ್ಕಿಯಿಂದಲೂ ಎಥೆನಾಲ್ ತಯಾರಿಸಲು ಅವಕಾಶ ಸಿಕ್ಕಿತು. ಕಚ್ಚಾವಸ್ತುವಿಗೆ ತಕ್ಕಂತೆ ಬೇರೆ ಬೇರೆ ಖರೀದಿ ಬೆಲೆ, ಡಿಸ್ಟಿಲರಿ ಸಾಲಕ್ಕೆ ಬಡ್ಡಿ ನೆರವು ಬಂದವು. ಬೆರಕೆಯ ಎಥೆನಾಲ್ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಕೊಳ್ಳುವವರು ಖಚಿತ, ಬೆಲೆಯೂ ಖಚಿತ ಎಂದಾಗ ಕಾರ್ಖಾನೆಗಳು ತಾವಾಗಿ ಮುಂದೆ ಬಂದವು. 2022ರ ಜೂನಿನಲ್ಲಿ ಶೇ 10, 2025ರಲ್ಲಿ ಶೇ 20. ಮೂಲತಃ 2030ಕ್ಕೆ ಇಟ್ಟುಕೊಂಡ ಗುರಿ ಐದು ವರ್ಷ ಮೊದಲೇ ಕೈಗೆ ಬಂತು.

ಲೆಕ್ಕದ ಇನ್ನೊಂದು ಬದಿ

ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ಸಣ್ಣ ಲಾಭವಲ್ಲ. ಆದರೆ ಖರ್ಚಿನ ಪಟ್ಟಿಯನ್ನೂ ಓದಬೇಕು. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್ ಸಿಗುತ್ತದೆ. ಕಬ್ಬಿನಿಂದ ಪಡೆಯುವ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆ ನೀರು ಎಲ್ಲಿಂದ ಬರಬೇಕು? 2023ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮಳೆ ಕೈಕೊಟ್ಟಾಗ ಕೇಂದ್ರ ಸರ್ಕಾರ ಡಿಸೆಂಬರಿನಲ್ಲಿ ಕಬ್ಬಿನ ರಸದ ಎಥೆನಾಲ್‌ಗೆ ತಡೆ ಹಾಕಿತು. ಅದನ್ನು ತೆಗೆದದ್ದು 2024ರ ಆಗಸ್ಟಿನಲ್ಲಿ.

ಆಗ ಹೊರೆ ಮೆಕ್ಕೆಜೋಳದ ಹೆಗಲೇರಿತು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಆಮದು ಮಾಡಿಕೊಳ್ಳಬೇಕಾಯಿತು. ಮೇವು ದುಬಾರಿಯಾಯಿತೆಂದು ಕೋಳಿ ಸಾಕುವವರು ದೂರಿದರು. ಒಳ್ಳೆಯ ಬೆಲೆ ಕಂಡ ರೈತರು ಹೆಚ್ಚು ಬಿತ್ತಿದರು. 2025ರ ಕೊನೆಯಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಉತ್ತರ ಕರ್ನಾಟಕದಲ್ಲಿ ಅದೇ ರೈತರು ಬೀದಿಗಿಳಿದರು.

ಮೈಲೇಜಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಐದರಲ್ಲಿ ಒಂದು ಪಾಲು ಎಥೆನಾಲ್ ಇದ್ದರೆ ಒಟ್ಟು ಶಕ್ತಿ ಎಷ್ಟು ಕುಗ್ಗಿತು? ಐದನೇ ಒಂದರ ಮೂರನೇ ಒಂದು, ಅಂದರೆ ಹದಿನೈದರಲ್ಲಿ ಒಂದು ಪಾಲು. ಸುಮಾರು ಶೇ 6.7. ಎಂಜಿನ್ ವಿನ್ಯಾಸ ಸರಿಯಾಗಿದ್ದರೆ ನಷ್ಟ ಇದಕ್ಕಿಂತ ಕಡಿಮೆಯಾಗಬಹುದು.

ಹೊಲದ ಬದುವಿನಲ್ಲಿ

ತಿನ್ನದ ವಸ್ತುವಿನಿಂದ ಇಂಧನ ತೆಗೆಯುವುದು ಮುಂದಿನ ಹೆಜ್ಜೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟಿನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತಯಾರಿಸುವ ಘಟಕ ಉದ್ಘಾಟನೆಯಾಯಿತು. ಹುಲ್ಲಿನ ಸೆಲ್ಯುಲೋಸನ್ನು ಒಡೆದು ಸಕ್ಕರೆಯಾಗಿಸುವುದು ಕಷ್ಟದ, ದುಬಾರಿ ಕೆಲಸ. ರಸಾಯನವಿಜ್ಞಾನ, ಜೀವವಿಜ್ಞಾನ, ಕೃಷಿ ಓದುವವರಿಗೆ ಇಲ್ಲಿ ಮಾಡುವುದು ಬೇಕಾದಷ್ಟಿದೆ.

ನಮ್ಮಲ್ಲಿ ಇನ್ನೂ ಹಳೆಯ ದಾರಿಯೊಂದಿದೆ. ಕರ್ನಾಟಕದ 2009ರ ಜೈವಿಕ ಇಂಧನ ನೀತಿ ಹೊಂಗೆ, ಬೇವು, ಹಿಪ್ಪೆಯಂಥ ನಮ್ಮ ಮರಗಳನ್ನೇ ಆರಿಸಿಕೊಂಡಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳನ್ನೂ ಹೊರಡಿಸಿತು. ಹೊಂಗೆ ಬದುವಿನಲ್ಲಿ ನಿಲ್ಲುತ್ತದೆ, ಅನ್ನದ ಜಾಗ ಕೇಳುವುದಿಲ್ಲ. ಹಿಂಡಿ ಗೊಬ್ಬರವಾಗುತ್ತದೆ. ಆದರೆ ಬೀಜ ಆರಿಸಲು ಆಳು ಬೇಕು, ಕೂಲಿಗೆ ತಕ್ಕ ಬೆಲೆ ಬೇಕು. ಎಥೆನಾಲ್‌ಗೆ ಸಿಕ್ಕ ಖಚಿತ ಮಾರುಕಟ್ಟೆ ಹೊಂಗೆ ಬೀಜಕ್ಕೆ ಸಿಗಲಿಲ್ಲ.

ಮುಂದಿನ ಸಲ ಬಂಕಿಗೆ ಹೋದಾಗ ಈ ಲೆಕ್ಕವನ್ನು ಅಪ್ಪ–ಅಮ್ಮನೊಡನೆ ಮಾತಾಡಿ. ಯಾವ ಬೆಳೆ, ಎಷ್ಟು ನೀರು, ಯಾರಿಗೆ ಲಾಭ? ಈ ಮೂರು ಪ್ರಶ್ನೆ ಕೇಳಲು ಕಲಿತವರಿಗೆ ಯಾವ ಇಂಧನ ನೀತಿಯನ್ನೂ ತೂಗಿ ನೋಡುವುದು ಕಷ್ಟವಲ್ಲ.