ಹಳೇ ವ್ಯಾನ್ ಕೊಳ್ಳುವ ಮುಂಚೆ ಕೆಳಗೆ ಬಗ್ಗಿ ನೋಡಿರಿ



ಆಗಸ್ಟ್ ತಿಂಗಳ ಕೊನೆಗೆ ಹೆಸರು, ಉದ್ದು ಬಂದವೆಂದರೆ ಗಾಂಧಿ ಗಂಜದ ಅಡತಿ ಅಂಗಡಿಗಳ ಮುಂದೆ ಗಾಡಿಗಳ ಸಾಲು ಹತ್ತುತ್ತದೆ. ಆಮೇಲೆ ಸೋಯಾ, ಸಂಕ್ರಾಂತಿ ಹೊತ್ತಿಗೆ ತೊಗರಿ. ಆ ಸಾಲಿನಲ್ಲಿ ಹಳೆಯ ಮಾರುತಿ ಓಮ್ನಿ ವ್ಯಾನುಗಳೂ ಇರುತ್ತವೆ. ಮುಂದೆ ಮನೆಮಂದಿ, ಹಿಂದೆ ಕಾಳಿನ ಚೀಲ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಈಗ ಸಿಗುವುದೆಲ್ಲ ಬೇರೆಯವರು ಓಡಿಸಿದ ಗಾಡಿಯೇ. ಸಂಘದ ಸಾಲ ತೆಗೆದು ಇಂಥದೊಂದು ಕೊಳ್ಳೋಣ ಎನ್ನುವವರಿಗಾಗಿ ಈ ನಾಲ್ಕು ಮಾತು.

ಮಾರುವವರು ಇಂಜಿನ್ ಚಾಲೂ ಮಾಡಿ ತೋರಿಸುತ್ತಾರೆ, ಹೊಸ ಸೀಟ್ ಕವರ್ ಹಾಕಿರುತ್ತಾರೆ. "ಗಾಡಿ ಮಸ್ತ್ ಅದ ನೋಡ್ರಿ ಅಕ್ಕಾ" ಅಂತಾರೆ. ನಾವೂ ಬಣ್ಣ ನೋಡಿ ಹೂಂ ಅಂತೀವಿ. ಆದರೆ ನಮ್ಮ ಕಡೆ ಗಾಡಿ ಮೊದಲು ಸೋಲುವುದು ಕೆಳಗೆ. ಬೀದರ್ ಊರು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿದೆ, ನೆಲ ಗಟ್ಟಿ. ಔರಾದ್, ಭಾಲ್ಕಿ ಕಡೆ ಹೆಚ್ಚಿನದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಮೇಲಿನ ಡಾಂಬರೂ ಅದರ ಜೊತೆ ಏಳುತ್ತದೆ, ಕುಸಿಯುತ್ತದೆ. ಅಲ್ಲಿಂದ ಗಂಜಕ್ಕೆ ಸುಮಾರು 40 ಕಿ.ಮೀ. ದಾರಿ. ಆ ಏಟನ್ನೆಲ್ಲ ತಿನ್ನುವುದು ಸಸ್ಪೆನ್ಷನ್.

ಇದರಲ್ಲಿ ಎರಡು ಕೆಲಸ ಇವೆ, ಬಹಳ ಮಂದಿ ಒಂದೇ ಅಂತ ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಓಮ್ನಿಗೆ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು, ಅಂದರೆ ಪಾಟಾ. ಶಾಕಪ್ ಭಾರ ಹೊರುವುದಿಲ್ಲ. ತಗ್ಗಿಗೆ ಬಿದ್ದ ಗಾಡಿ ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದಷ್ಟೇ ಅದರ ಕೆಲಸ. ಅದು ಸತ್ತರೆ ಗಾಲಿ ರಸ್ತೆ ಬಿಟ್ಟು ಹಾರುತ್ತದೆ. ಹಾರಿದ ಗಾಲಿಗೆ ಬ್ರೇಕ್ ಹತ್ತುವುದಿಲ್ಲ. ಆದ್ದರಿಂದ ಇದು ಬರೀ ಸುಖದ ಪ್ರಶ್ನೆ ಅಲ್ಲ.

ನೋಡುವುದು ಹೇಗೆ? ಖಾಲಿ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿರಿ. ಒಂದು ಬದಿ ಇಳಿದಿದೆಯೇ? ಟೇಪ್ ಹಿಡಿದು ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಬಟ್ಟೆ ಹೊಲಿಯುವ ಟೇಪ್ ಸಾಕು. ಮುಂದಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿರಿ. ಮೇಲೆ ಬಂದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕಪ್ ಹೋಗಿದೆ. ಹಿಂದಿನ ಪಾಟಾ ಗಟ್ಟಿ ಇರುವುದರಿಂದ ಅಲ್ಲಿ ಈ ಪರೀಕ್ಷೆ ನಂಬಬೇಡಿರಿ. ಶಾಕಪ್ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿದೆಯೇ ನೋಡಿರಿ. ಟೈರಿನ ಮೇಲೆ ಅಂಗೈ ಆಡಿಸಿ, ಅಲೆ ಅಲೆಯಾಗಿ ತಗ್ಗು-ದಿಬ್ಬ ಸಿಕ್ಕರೆ ಅದೂ ಶಾಕಪ್ ಕಡೆಗೇ ಬೆರಳು ತೋರಿಸುತ್ತದೆ. ಆಮೇಲೆ ಪಾಟಾ. ಸೀಳಿದ ಪಟ್ಟಿ, ಸರಿದ ಪಟ್ಟಿ, ತುದಿಯಲ್ಲಿ ಸವೆದ ರಬ್ಬರ್ ಬುಷ್, ಸಡಿಲಾದ ಯೂ ಬೋಲ್ಟ್ ಇವನ್ನು ಮಿಸ್ತ್ರಿಯ ಗುಂಡಿಯ ಮೇಲೆ ನಿಲ್ಲಿಸಿ ಬ್ಯಾಟರಿ ಹಾಕಿ ನೋಡಬೇಕು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು, ಮಿಸ್ತ್ರಿಯೂ.

ಓಡಿಸಿ ನೋಡುವಾಗ ನೀವೂ ಕೂಡಿರಿ. ಓಮ್ನಿಯಲ್ಲಿ ಮುಂದೆ ಕೂತವರು ಗಾಲಿಯ ನೆತ್ತಿಯ ಮೇಲೇ ಕೂತಂತೆ, ಟಕ್ ಟಕ್ ಸದ್ದು ತಪ್ಪದೆ ಕೇಳುತ್ತದೆ.

ಇನ್ನು ದುರಸ್ತಿ. ತುಂಡಾದ ಪಾಟಾಕ್ಕೆ ವೆಲ್ಡಿಂಗ್ ಮಾಡಿಸಿದರೆ ಖರ್ಚು ಕಡಿಮೆ ಎನ್ನುವವರಿದ್ದಾರೆ. ಮಾಡಿಸಬೇಡಿರಿ. ಪಾಟಾದ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ವೆಲ್ಡಿಂಗ್ ಬೆಂಕಿಗೆ ಆ ಹದ ಹೋಗಿ, ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ, ಅದೂ ಲೋಡ್ ಇದ್ದಾಗಲೇ. ಶಾಕಪ್ ಬದಲಿಸುವುದಾದರೆ ಎಡ-ಬಲ ಜೋಡಿಯಾಗಿ ಬದಲಿಸಿರಿ. ಮುಂದಿನವು ಬದಲಾದರೆ ಅಲೈನ್‌ಮೆಂಟ್ ಮಾಡಿಸಿರಿ, ಇಲ್ಲವಾದರೆ ಟೈರ್ ತಿಂದುಹೋಗುತ್ತದೆ.

"ಒಂದು ಪಾಟಾ ಜಾಸ್ತಿ ಹಾಕ್ತೀನ್ರಿ, ಬೇಕಾದಷ್ಟು ಚೀಲ ಹೇರ್ರಿ" ಎಂಬ ಮಾತು ಗಂಜದ ಸುತ್ತ ಕೇಳಿಬರುತ್ತದೆ. ಪಾಟಾ ಹೆಚ್ಚಾಯಿತು, ಖರೆ. ಬ್ರೇಕ್ ಹೆಚ್ಚಾಯಿತೇ? ಟೈರ್, ಆಕ್ಸಲ್ ಹಳೆಯವೇ. ಆರ್‌ಸಿಯಲ್ಲಿ ಬರೆದದ್ದೂ ಬದಲಾಗುವುದಿಲ್ಲ. ಖಾಲಿ ಹೋಗುವಾಗ ಹಿಂದಿನ ಗಾಲಿ ಕಲ್ಲಿನಂತೆ ಕುಟ್ಟುತ್ತದೆ. ಅದೇ ಗಾಡಿಯಲ್ಲೇ ಅಲ್ಲವೇ ರಾತ್ರಿ ಹೊತ್ತಿನಲ್ಲಿ ದಿನ ತುಂಬಿದ ಮಗಳನ್ನೋ ಸೊಸೆಯನ್ನೋ ಬೀದರ್ ಆಸ್ಪತ್ರೆಗೆ ಕರೆತರುವುದು? ನನ್ನ ಕೇಳಿದರೆ, ಕಂಪನಿ ಕೊಟ್ಟ ಅಳತೆಯ ಹೊಸ ಪಾಟಾ, ಹೊಸ ಬುಷ್, ಒಳ್ಳೆ ಶಾಕಪ್ ಹಾಕಿಸುವುದೇ ಸುಧಾರಣೆ. ಚೀಲ ಹೆಚ್ಚಿದ್ದರೆ ಎರಡು ಸಲ ಹೋಗಿಬರೋಣ.

ಸಂಚಕಾರ ಕೊಡುವ ಮುಂಚೆ ಇಬ್ಬರು ಮಿಸ್ತ್ರಿಗಳ ಕಡೆ ದುರಸ್ತಿ ಖರ್ಚು ಬರೆಸಿಕೊಳ್ಳಿರಿ. ಆ ಚೀಟಿ ಹಿಡಿದು ದರ ಇಳಿಸಿರಿ. ಸಭೆಯಲ್ಲಿ ಓದಿ ಹೇಳಿ ನಡಾವಳಿಯಲ್ಲಿ ಬರೆಯಿರಿ, ಸಾಲದ ಅರ್ಜಿಯಲ್ಲಿ ಈ ಹಣವನ್ನೂ ಸೇರಿಸಿರಿ. ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣ ಆಗಿದೆಯೇ ಕೇಳಿರಿ. ಬಾಡಿಗೆಗೆ ಓಡಿಸುವ ವಿಚಾರವಿದ್ದರೆ ಬಿಳಿ ಬೋರ್ಡ್ ನಡೆಯುವುದಿಲ್ಲ.

ಹೊಸ ಪಾಟಾ ಹಾಕಿಸಿ ಎಂಟು-ಹತ್ತು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಮಿಸ್ತ್ರಿ ಕಡೆ ಹೋಗಿ ಯೂ ಬೋಲ್ಟ್ ಬಿಗಿ ಮಾಡಿಸಿರಿ. ಪಾಟಾ ಕೂತಂತೆ ಅವು ಸಡಿಲಾಗುತ್ತವೆ.